ಸೀಟು ತಿರುಗಿಸುವ ಹೊತ್ತು

ಮಹಾನವಮಿಗೆ ರಾಣೆಬೆನ್ನೂರು ಕಡೆಯ ದೇವರಗುಡ್ಡದಲ್ಲಿ ಮಾಲತೇಶ ದೇವರ ಕಾರ್ಣಿಕ, ಅಂದರೆ ಭವಿಷ್ಯವಾಣಿ. ಉಪವಾಸವಿದ್ದ ಗೊರವಯ್ಯ ಬಿಲ್ಲೇರಿ ನಿಂತು, ನೆರೆದ ಜನಸಾಗರವನ್ನು ಒಂದೇ ಕೂಗಿಗೆ ಸುಮ್ಮನಾಗಿಸಿ, ಒಂದು ಸಾಲು ನುಡಿಯುತ್ತಾನೆ. ಆ ಸಾಲಿಗೆ ರೈತರು ಮಳೆಯ ಅರ್ಥ ಹಚ್ಚಿಕೊಂಡು, ವ್ಯಾಪಾರಿಗಳು ಧಾರಣೆಯ ಅರ್ಥ ಹಚ್ಚಿಕೊಂಡು, ರಾಜಕಾರಣಿಗಳು ಕುರ್ಚಿಯ ಅರ್ಥ ಹಚ್ಚಿಕೊಂಡು ಊರಿಗೆ ಮರಳುತ್ತಾರೆ. ಅದೇ ಹೊತ್ತಿಗೆ ಆಯುಧಪೂಜೆ. ರಾಣೆಬೆನ್ನೂರು, ಬ್ಯಾಡಗಿ ಕಡೆಯ ಹಳ್ಳಿಗಳಲ್ಲಿ ಟ್ರ್ಯಾಕ್ಟರು, ಜೆಸಿಬಿ, ಒಕ್ಕುವ ಯಂತ್ರಗಳೆಲ್ಲ ಮೈತೊಳೆದುಕೊಂಡು, ಚೆಂಡುಹೂವಿನ ಮಾಲೆ ಹಾಕಿಕೊಂಡು ನಿಂತಿರುತ್ತವೆ. ಹಬ್ಬ ಮುಗಿದದ್ದೇ ತಡ, ಗೋವಿನಜೋಳದ ಕಟಾವು, ಒಕ್ಕಣೆ. ಜನರನ್ನು ಗುಡ್ಡಕ್ಕೆ ಹೊತ್ತು ತಂದ ಟ್ರೇಲರ್ ಬಿಚ್ಚಿ ಅದೇ ಟ್ರ್ಯಾಕ್ಟರಿಗೆ ಒಕ್ಕುವ ಯಂತ್ರ ಕಟ್ಟುತ್ತಾರೆ. ಆಮೇಲೆ ರೋಟವೇಟರ್. ಸುಗ್ಗಿ ಮುಂದುವರಿದಂತೆ ಮತ್ತೆ ಟ್ರೇಲರ್, ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ.

ಪೂಜೆ ಯಂತ್ರಕ್ಕೆ ಸಲ್ಲುತ್ತದೆ. ಅದನ್ನು ನಡೆಸುವವನ ಪಾಲಿಗೆ ಬರುವುದು ‘ಅವನ ಕೈ ಭಾಳ ಚುರುಕೈತಿ’ ಎಂಬ ಒಂದು ಮೆಚ್ಚುಗೆ. ಒಂದೇ ಯಂತ್ರದಲ್ಲಿ ದಿನಕ್ಕೆ ನಾಲ್ಕಾರು ಬಗೆಯ ಕೆಲಸ ಮಾಡುವ ಈ ಆಪರೇಟರುಗಳ ಕೌಶಲ್ಯವನ್ನು ನಾವು ಚುರುಕಿನಿಂದಲೇ ಅಳೆಯುತ್ತೇವೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಎಷ್ಟು ಬೇಗ ಹಾರಿದ ಎಂಬುದೇ ನಮಗೆ ಜಾಣತನದ ಗುರುತು. ಈ ಅಳತೆಗೋಲೇ ತಪ್ಪು ಎನ್ನುವುದು ನನ್ನ ವಾದ. ಕೆಲಸ ಬದಲಿಸುವ ಜಾಣ್ಮೆ ಇರುವುದು ಹಾರುವುದರಲ್ಲಲ್ಲ, ಹಾರುವ ಮುನ್ನ ಹಿಂದಿನದನ್ನು ಪೂರ್ತಿ ಮುಗಿಸುವುದರಲ್ಲಿ. ಆ ಮುಗಿಸುವಿಕೆಗೆ ಒಂದಿಷ್ಟು ಹೊತ್ತು ಹಿಡಿಯುತ್ತದೆ. ಅದನ್ನು ಕಲಿಸುವವರೂ ಕಡಿಮೆ, ಅದಕ್ಕೆ ದುಡ್ಡು ಕೊಡುವವರೂ ಕಡಿಮೆ.

ನಮ್ಮ ಕಡೆ ಮಣ್ಣು ಅಗೆಯುವ ಹಳದಿ ಯಂತ್ರವೆಲ್ಲ ಜೆಸಿಬಿ, ಯಾವ ಕಂಪನಿಯದೇ ಇರಲಿ. ಚೈನಿನ ಮೇಲೆ ತೆವಳುವುದೆಲ್ಲ ಹಿಟಾಚಿ. ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ 1953ರಲ್ಲಿ ಮಾರುಕಟ್ಟೆಗೆ ತಂದ ಯೋಚನೆ ಸರಳವಾಗಿತ್ತು: ಟ್ರ್ಯಾಕ್ಟರಿನ ಮುಂದೆ ತುಂಬುವ ಬಕೆಟ್, ಹಿಂದೆ ಅಗೆಯುವ ತೋಳು. 1979ರಿಂದ ಅದು ಭಾರತದಲ್ಲೇ ತಯಾರಾಗುತ್ತಿದೆ. ಮೈ ಒಂದು, ಯಂತ್ರ ಎರಡು, ನಡೆಸುವವನು ಮಾತ್ರ ಒಬ್ಬನೇ. ಮಣ್ಣು ತುಂಬುವಾಗ ಅವನ ಮುಖ ಸ್ಟಿಯರಿಂಗ್ ಕಡೆ. ಅಗೆಯುವಾಗ ಸೀಟನ್ನೇ ತಿರುಗಿಸಿಕೊಂಡು ಹಿಂದಿನ ಲಿವರುಗಳ ಕಡೆ. ಬೇಸಿಗೆಯ ಒಂದು ದಿನದಲ್ಲಿ ಅವನು ಬೆಳಿಗ್ಗೆ ನಲ್ಲಿಯ ಪೈಪಿಗೆ ಕಾಲುವೆ ತೋಡಿ, ಮಧ್ಯಾಹ್ನ ಕೆರೆಯ ಹೂಳನ್ನು ಟ್ರೇಲರುಗಳಿಗೆ ತುಂಬಿ, ಸಂಜೆ ಯಾರದೋ ಹೊಲದಲ್ಲಿ ಬದು ಹಾಕಬಹುದು. ಸೀಟು ಎಷ್ಟು ಸಲ ತಿರುಗಿತೆಂಬ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಆ ತಿರುಗುವಿಕೆಯನ್ನು ಹತ್ತಿರದಿಂದ ನೋಡಬೇಕು. ಪಳಗಿದ ಆಪರೇಟರ್ ಮುಂಬದಿಯ ಕೆಲಸ ಬಿಡುವ ಮುನ್ನ ಬಕೆಟನ್ನು ನೆಲಕ್ಕೆ ಊರುತ್ತಾನೆ, ಗೇರನ್ನು ನ್ಯೂಟ್ರಲ್‌ಗೆ ತರುತ್ತಾನೆ, ಕೈಬ್ರೇಕ್ ಎಳೆಯುತ್ತಾನೆ. ಆಮೇಲೆ ಸೀಟು. ತಿರುಗಿದ ಮೇಲೆ ಇಕ್ಕೆಲದ ಜ್ಯಾಕ್ ಇಳಿಸಿ, ಹಿಂದಿನ ಗಾಲಿಗಳ ಭಾರ ತಗ್ಗಿ ಯಂತ್ರ ಅಲುಗದೆ ಕೂತಿತೆಂದು ಖಾತ್ರಿ ಮಾಡಿಕೊಂಡು, ಆಮೇಲೆ ತೋಳಿನ ಲಾಕ್ ಬಿಚ್ಚುತ್ತಾನೆ. ಒಂದು ಕ್ಷಣದ ಹಿಂದೆ ಯಂತ್ರದ ಬಲಬದಿ ಅವನ ಬಲಗೈ ಕಡೆಗಿತ್ತು, ಈಗ ಅದು ಎಡಗೈ ಕಡೆಗಿದೆ. ದಂಡೆಯ ಮೇಲೆ ನಿಂತವನು ‘ಬಲಕ್ಕ ತಗೋ’ ಎಂದರೆ ಯಾರ ಬಲ ಎಂಬುದನ್ನು ಅವನ ತಲೆ ಹೊಸದಾಗಿ ಲೆಕ್ಕ ಹಾಕಬೇಕು. ಮರಳುವಾಗ ಇದೆಲ್ಲ ತಿರುವುಮುರುವು: ತೋಳು ಮಡಚು, ಲಾಕ್ ಹಾಕು, ಜ್ಯಾಕ್ ಎತ್ತು, ಮೇಲೆ ವಿದ್ಯುತ್ ತಂತಿ ಇದೆಯೇ ನೋಡು, ಆಮೇಲೆ ಗೇರು.

ಎಡವಟ್ಟು ಆಗುವುದು ಸಾಮಾನ್ಯವಾಗಿ ಈ ಸಂದಿನಲ್ಲೇ. ಜ್ಯಾಕ್ ಎತ್ತದೆ ಗಾಡಿ ಮುಂದೆ ಬಿಟ್ಟರೆ ಹೋಸ್ ಹರಿಯುತ್ತದೆ. ಲಾಕ್ ಹಾಕದೆ ರಸ್ತೆಗಿಳಿದರೆ ತಿರುವಿನಲ್ಲಿ ತೋಳು ಹೊರಕ್ಕೆ ಬೀಸಿ ಪಕ್ಕದ ಬೈಕಿನವನ ಜೀವಕ್ಕೆ ಕುತ್ತು. ಹೀಗೆ ಎಡವಿದವನಿಗೆ ಅಗೆತವೂ ಸರಿಯಾಗಿ ಬರುತ್ತಿತ್ತು, ಓಡಿಸುವುದೂ ಬರುತ್ತಿತ್ತು. ಎಡವಿದ್ದು ಎರಡರ ನಡುವೆ. ಕೌಶಲ್ಯವನ್ನು ಕೆಲಸ ಕೆಲಸವಾಗಿ ಅಳೆಯುವ ಪರೀಕ್ಷೆಯಲ್ಲಿ ಈತ ಎರಡರಲ್ಲೂ ಪಾಸು.

ಕೆಲಸದ ನಡುವಿನ ಈ ಸಂದನ್ನು ಬಹಳ ಹಿಂದೆಯೇ ಗಮನಿಸಿದವನು ಆ್ಯಡಂ ಸ್ಮಿತ್. 1776ರಲ್ಲಿ ಬಂದ ‘ವೆಲ್ತ್ ಆಫ್ ನೇಷನ್ಸ್’ ಗ್ರಂಥದ ಮೊದಲ ಅಧ್ಯಾಯದಲ್ಲೇ ಶ್ರಮವಿಭಜನೆಯ ಲಾಭಗಳನ್ನು ಎಣಿಸುತ್ತಾ ಅವನೊಂದು ಮಾತು ಹೇಳುತ್ತಾನೆ: ಮಗ್ಗವನ್ನೂ ಹೊಲವನ್ನೂ ಎರಡನ್ನೂ ನೋಡಿಕೊಳ್ಳುವ ಹಳ್ಳಿಯ ನೇಕಾರ ಅಲ್ಲಿಂದಿಲ್ಲಿಗೆ ಓಡಾಡುವುದರಲ್ಲೇ ಬಹಳ ಹೊತ್ತು ಕಳೆದುಕೊಳ್ಳುತ್ತಾನೆ, ಅರ್ಧ ಗಂಟೆಗೊಮ್ಮೆ ಕೆಲಸ, ಉಪಕರಣ ಬದಲಿಸುವವನಿಗೆ ಕಾಲೆಳೆಯುತ್ತಾ ಸೋಮಾರಿಯಾಗಿ ದುಡಿಯುವ ಚಾಳಿ ಅಂಟಿಕೊಳ್ಳುತ್ತದೆ. ನೇಕಾರಿಕೆಗೆ ಹೆಸರಾದ ತುಮ್ಮಿನಕಟ್ಟಿ ಇರುವುದು ಇದೇ ರಾಣೆಬೆನ್ನೂರು ತಾಲ್ಲೂಕಿನಲ್ಲಿ. ಮಗ್ಗಕ್ಕೂ ಮಣ್ಣಿಗೂ ನಡುವೆ ಓಡಾಡುವ ಬದುಕು ನಮಗೆ ಹೊಸದೇನಲ್ಲ. ಹೊತ್ತು ವ್ಯಯವಾಗುತ್ತದೆ ಎಂದು ಸ್ಮಿತ್ ಕಂಡದ್ದು ಸರಿ. ಅದಕ್ಕೆ ಅವನು ಕೊಟ್ಟ ಕಾರಣ ಮಾತ್ರ ಒಪ್ಪತಕ್ಕದ್ದಲ್ಲ. ಕಾಲೆಳೆಯುವಂತೆ ತೋರುವ ಆ ಹೊತ್ತಿನಲ್ಲಿ ಮನಸ್ಸು ಒಂದು ಕೆಲಸದ ಕಟ್ಟು ಬಿಚ್ಚಿ ಇನ್ನೊಂದರ ಕಟ್ಟು ಕಟ್ಟುತ್ತಿರುತ್ತದೆ. ದೂರದಿಂದ ನೋಡುವವನಿಗೆ ಅದು ಸೋಮಾರಿತನ, ಕೆಲಸದಲ್ಲಿರುವವನಿಗೆ ಅದೂ ಕೆಲಸವೇ.

ಇದನ್ನು ಗಡಿಯಾರ ಹಿಡಿದು ಅಳೆದವರಿದ್ದಾರೆ. ಅಮೆರಿಕದ ಮನೋವಿಜ್ಞಾನಿ ಆರ್ಥರ್ ಜೆರ್ಸಿಲ್ಡ್ 1927ರಲ್ಲಿ ಜನರಿಗೆ ಸಂಖ್ಯೆಗಳ ಪಟ್ಟಿ ಕೊಟ್ಟು, ಇಡೀ ಪಟ್ಟಿಗೆ ಒಂದೇ ಲೆಕ್ಕ ಮಾಡಿಸಿದಾಗ ಎಷ್ಟು ಹೊತ್ತು, ಒಂದಕ್ಕೆ ಕೂಡು ಇನ್ನೊಂದಕ್ಕೆ ಕಳೆ ಎಂದು ಅದಲುಬದಲಾಗಿ ಮಾಡಿಸಿದಾಗ ಎಷ್ಟು ಹೊತ್ತು ಎಂದು ಹೋಲಿಸಿದ. ಅದಲುಬದಲಿಗೆ ಹೆಚ್ಚು ಹೊತ್ತು ಹಿಡಿಯಿತು. ಆದರೆ ಪಟ್ಟಿಯಲ್ಲಿ ಒಂದು ಸಂಖ್ಯೆ, ಒಂದು ಪದ, ಮತ್ತೆ ಸಂಖ್ಯೆ ಎಂದು ಇಟ್ಟು, ಸಂಖ್ಯೆಗೆ ಒಂದು ಕೆಲಸ, ಪದಕ್ಕೆ ಬೇರೆಯದೇ ಕೆಲಸ ಎಂದಾಗ ಆ ನಷ್ಟ ಮಾಯವಾಯಿತು. ಮುಂದಿನ ಕೆಲಸ ಯಾವುದೆಂದು ವಸ್ತುವೇ ಹೇಳುತ್ತಿದ್ದರೆ ತಲೆಗೆ ಭಾರವಿಲ್ಲ. ಅದನ್ನು ತಲೆಯೇ ನೆನಪಿಟ್ಟುಕೊಳ್ಳಬೇಕಾದಾಗ ಬೆಲೆ ತೆರಬೇಕಾಗುತ್ತದೆ.

1995ರಲ್ಲಿ ರಾಬರ್ಟ್ ರೋಜರ್ಸ್ ಮತ್ತು ಸ್ಟೀಫನ್ ಮಾನ್ಸೆಲ್ ಇದನ್ನು ಇನ್ನಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿದರು. ಮುಂದಿನ ಕೆಲಸ ಯಾವುದೆಂದು ಮೊದಲೇ ತಿಳಿದಿದ್ದು, ಸಿದ್ಧವಾಗಲು ಸಾಕಷ್ಟು ಬಿಡುವು ಇದ್ದರೆ ಬದಲಾವಣೆಯ ನಷ್ಟ ತಗ್ಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಉಳಿದ ನಷ್ಟ ಹೊಸ ಕೆಲಸವನ್ನು ಒಮ್ಮೆ ನಿಜವಾಗಿ ಮಾಡಿದ ಮೇಲಷ್ಟೇ ತೀರುತ್ತದೆ. ಅದಕ್ಕೂ ಒಂದು ವರ್ಷ ಮುಂಚೆ ಅಲನ್ ಆಲ್‌ಪೋರ್ಟ್ ಮತ್ತು ಜೊತೆಗಾರರು ಕಂಡುಕೊಂಡದ್ದು ನಮ್ಮ ಊಹೆಗೇ ವಿರುದ್ಧವಾಗಿತ್ತು. ರೂಢಿಯ, ಸಲೀಸಾದ ಕೆಲಸದಿಂದ ಕಷ್ಟದ ಕೆಲಸಕ್ಕೆ ಹೋಗುವಾಗಿನದಕ್ಕಿಂತ, ಕಷ್ಟದಿಂದ ಸಲೀಸಾದುದಕ್ಕೆ ಮರಳುವಾಗಲೇ ಹೆಚ್ಚು ತೊಡಕು. ಕಷ್ಟದ ಕೆಲಸಕ್ಕಾಗಿ ಬಿಗಿಹಿಡಿದು ಅದುಮಿಟ್ಟ ರೂಢಿಯನ್ನು ಮತ್ತೆ ಸಡಿಲಬಿಡಲು ಮನಸ್ಸಿಗೆ ಹೊತ್ತು ಬೇಕು.

ಪ್ರಯೋಗಾಲಯದ ಮಿಲಿಸೆಕೆಂಡುಗಳನ್ನು ಹಾಗೇ ತಂದು ಹೊಲದ ಬದುವಿನ ಮೇಲೆ ಇಡಲಾಗದು, ನಿಜ. ಆದರೂ ಅನುಭವಿ ಆಪರೇಟರುಗಳ ನಡೆಯಲ್ಲಿ ಇದೇ ತಿಳಿವಳಿಕೆ ಬೇರೆ ರೂಪದಲ್ಲಿ ಕಾಣುತ್ತದೆ. ಸೀಟು ತಿರುಗಿಸಿದ ಮೇಲಿನ ಮೊದಲ ಬಕೆಟನ್ನು ಅವರು ನಿಧಾನವಾಗಿ ಎತ್ತುತ್ತಾರೆ. ಮಣ್ಣಿಗೆ ಹಲ್ಲು ಹಾಕುವ ಮುನ್ನ ತೋಳನ್ನು ಗಾಳಿಯಲ್ಲಿ ಒಮ್ಮೆ ಆಡಿಸುತ್ತಾರೆ. ಹಳೆಯ ಪೈಪಿನ ಪಕ್ಕ ಅಂಗುಲ ಅಂಗುಲ ಕೆರೆದು ಮುಗಿಸಿ ಬರೀ ಮಣ್ಣು ತುಂಬುವ ಕೆಲಸಕ್ಕೆ ಬಂದಾಗ ‘ಇನ್ನೇನು, ಸುಲಭದ್ದು’ ಎಂದು ಮೈಮರೆಯುವವನು ಹೊಸಬ. ಸುಲಭದ ಕೆಲಸಕ್ಕೆ ಬರುವಾಗಲೂ ಒಂದು ಗಳಿಗೆ ತಡೆಯುವವನು ಹಳಬ.

ಈ ವಿಷಯದಲ್ಲಿ ಲೇತಿನ ಕಥೆಯೂ ಬೇರೆಯಲ್ಲ. ದೇವರಗುಡ್ಡಕ್ಕೆ ದೂರವೇನೂ ಅಲ್ಲದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಯಿತು. ಕಾರ್ಖಾನೆ ಈ ಶತಮಾನದ ಮೊದಲ ವರ್ಷಗಳಲ್ಲೇ ಬಾಗಿಲು ಹಾಕಿತು, ಅಲ್ಲಿ ತಯಾರಾದ ಲೇತುಗಳು ಮಾತ್ರ ಕರ್ನಾಟಕದ ಸಣ್ಣ ವರ್ಕ್‌ಶಾಪುಗಳಲ್ಲಿ ಈಗಲೂ ತಿರುಗುತ್ತಿವೆ. ಇಂಥ ವರ್ಕ್‌ಶಾಪಿಗೆ ಬೆಳಿಗ್ಗೆ ಟ್ರ್ಯಾಕ್ಟರಿನ ಪಿನ್ನು ಬರುತ್ತದೆ, ಆಮೇಲೆ ಬೋರ್‌ವೆಲ್ ಪಂಪಿನ ಹಿತ್ತಾಳೆ ಬುಷ್, ಆಮೇಲೆ ಎರಕದ ಪುಲ್ಲಿ. ಮೂರಕ್ಕೂ ಟೂಲ್ ಬೇರೆ, ವೇಗ ಬೇರೆ, ಕಿವಿ ಕೇಳಬೇಕಾದ ಸದ್ದು ಬೇರೆ. ಸಾದಾ ಉಕ್ಕನ್ನು ಹೈಸ್ಪೀಡ್ ಸ್ಟೀಲ್ ಟೂಲಿನಿಂದ ನಿಮಿಷಕ್ಕೆ 30 ಮೀಟರ್ ವೇಗದಲ್ಲಿ ಕಡಿಯಬೇಕೆಂದರೆ 50 ಮಿಲಿಮೀಟರ್ ದಪ್ಪದ ಸರಳು ನಿಮಿಷಕ್ಕೆ ಸುಮಾರು 190 ಸುತ್ತು ತಿರುಗಬೇಕು. ಸರಳು 25 ಮಿಲಿಮೀಟರ್ ಆದರೆ 380. ಉಕ್ಕಿಗೆ ಮಸೆದ ಚೂಪು ಕೋನದ ಟೂಲನ್ನು ಹಾಗೇ ಹಿತ್ತಾಳೆಗೆ ಒಡ್ಡಿದರೆ ಅದು ಲೋಹವನ್ನು ಕಚ್ಚಿ ಒಳಕ್ಕೆ ಎಳೆದುಕೊಳ್ಳುತ್ತದೆ. ಉಕ್ಕಿಗೆ ಬೇಕಾದ ಕೂಲೆಂಟ್ ಎರಕಕ್ಕೆ ಬೇಡ, ಅದನ್ನು ಒಣಗಿದಂತೆಯೇ ಕಡಿಯಬೇಕು. ಸರಳಿಗೆ ಥ್ರೆಡ್ ಹಾಕುವಾಗ ಹಾಫ್‌ನಟ್ ಕಚ್ಚಿಸಿದ್ದನ್ನು ಬಿಡಿಸಲು ಮರೆತು ಮುಂದಿನ ಕೆಲಸಕ್ಕೆ ಕೈ ಹಾಕಿದರೆ ಟೂಲ್ ಹೊತ್ತ ಕ್ಯಾರೇಜ್ ನೇರವಾಗಿ ಸರಳು ಹಿಡಿಯುವ ಚಕ್‌ಗೆ ಹೋಗಿ ಬಡಿಯುತ್ತದೆ.

ಲೇತ್ ಕಲಿಯುವವರಿಗೆ ಮೊದಲ ದಿನ ಹೇಳುವ ಎಚ್ಚರಿಕೆ: ಚಕ್‌ನಲ್ಲಿ ಕೀ ಬಿಟ್ಟು ಮೋಟಾರ್ ಹಾಕಬೇಡ. ಹಾಕಿದರೆ ಕೀ ಗುಂಡಿನಂತೆ ಹಾರುತ್ತದೆ. ಇಷ್ಟು ಗೊತ್ತಿದ್ದೂ ಅನುಭವಿಗಳೇ ಒಮ್ಮೊಮ್ಮೆ ಮರೆಯುವುದೇಕೆ? ಮೈಕಲ್ ಬರ್ನ್ ಮತ್ತು ಸೂಸನ್ ಬೋವೇರ್ 1997ರಲ್ಲಿ ಇಂಥ ಮರೆವನ್ನು ವಿಶ್ಲೇಷಿಸಿ ತೋರಿಸಿದ್ದು ಇದನ್ನೇ: ಮುಖ್ಯ ಉದ್ದೇಶ ಈಡೇರಿದ ಕೂಡಲೇ ಮನಸ್ಸು ಆ ಕೆಲಸವನ್ನು ಕೈಬಿಡುತ್ತದೆ, ಉದ್ದೇಶದ ಆಚೆ ಉಳಿದ ಹೆಜ್ಜೆ ಹಾಗೇ ಉಳಿಯುತ್ತದೆ. ಸರಳು ಬಿಗಿಯಾಯಿತು, ಬಿಗಿಮಾಡುವ ಕೆಲಸ ಮುಗಿಯಿತು, ಕೀ ಅಲ್ಲೇ ಉಳಿಯಿತು. ಎಟಿಎಂನಲ್ಲಿ ಹಣ ಕೈಗೆ ಬಂದಾಕ್ಷಣ ಕಾರ್ಡ್ ಬಿಟ್ಟು ಹೊರಡುವವರ ಮರೆವೂ ಇದೇ ಜಾತಿಯದು. ಅದಕ್ಕೇ ಈಗಿನ ಬಹಳಷ್ಟು ಯಂತ್ರಗಳು ಮೊದಲು ಕಾರ್ಡ್ ಕೊಟ್ಟು ಆಮೇಲೆ ಹಣ ಕೊಡುತ್ತವೆ. ಹೀಗಾಗಿ ಒಂದು ಕೆಲಸ ಯಾವಾಗ ಮುಗಿಯಿತು ಎಂಬ ಪ್ರಶ್ನೆ ಕಂಡಷ್ಟು ಸುಲಭದ್ದಲ್ಲ. ಹೊಲದವನ ಪಾಲಿಗೆ ಹೊಂಡ ತೋಡಿದಾಗ ಕೆಲಸ ಮುಗಿಯಿತು. ಆಪರೇಟರಿನ ಪಾಲಿಗೆ ಅದು ಮುಗಿಯುವುದು ತೋಳು ಲಾಕ್ ಆದಾಗ.

ಹಾಗಾದರೆ ಈ ಕೌಶಲ್ಯ ಬರುವುದು ಹೇಗೆ? ನಮ್ಮ ಕಡೆ ಇದರ ಶಾಲೆ ಹೆಲ್ಪರ್‌ಗಿರಿ. ಹುಡುಗ ಗ್ರೀಸ್ ಹಾಕುತ್ತಾನೆ, ಡೀಸೆಲ್ ತರುತ್ತಾನೆ, ಗಾಜು ಒರೆಸುತ್ತಾನೆ, ಗಾಡಿ ಹಿಂದೆ ಬರುವಾಗ ಕೂಗಿ ದಾರಿ ತೋರುತ್ತಾನೆ. ಲಿವರ್ ಮುಟ್ಟುವ ಭಾಗ್ಯ ಬಹಳ ತಡವಾಗಿ ಬರುತ್ತದೆ. ಇದರಲ್ಲಿ ಶೋಷಣೆ ಇದೆ, ಕೂಲಿ ಕಡಿಮೆ, ಹೊತ್ತುಗೊತ್ತಿಲ್ಲ. ಆದರೆ ಒಂದು ಲಾಭವನ್ನು ಅಲ್ಲಗಳೆಯಲಾಗದು. ಕೆಲಸಗಳ ನಡುವಿನ ಸಂದುಗಳನ್ನೆಲ್ಲ ನೋಡಿ ಬೆಳೆಯುವವನು ಹೆಲ್ಪರ್ ಒಬ್ಬನೇ. ಪಿನ್ನಿಗೆ ಗ್ರೀಸ್ ಹೊಡೆಯುವ ಹುಡುಗನಿಗೆ ತೋಳು ಎಲ್ಲಿ ಮಡಚುತ್ತದೆ, ಎಲ್ಲಿ ಸವೆಯುತ್ತದೆ, ಲಾಕ್ ಎಲ್ಲಿ ಕೂರುತ್ತದೆ ಎಂಬುದು ಮೊದಲು ಕೈಗೆ ಗೊತ್ತಾಗುತ್ತದೆ, ಆಮೇಲೆ ತಲೆಗೆ.

ಕಲಿಕೆಯ ಕ್ರಮದ ಬಗ್ಗೆಯೂ ಉಪಯುಕ್ತವಾದ ಸಂಶೋಧನೆ ಇದೆ. ಜಾನ್ ಶೇ ಮತ್ತು ರಾಬಿನ್ ಮಾರ್ಗನ್ 1979ರಲ್ಲಿ ಕೈಚಳಕದ ಮೂರು ಕೆಲಸಗಳನ್ನು ಎರಡು ಗುಂಪಿಗೆ ಕಲಿಸಿದರು. ಒಂದು ಗುಂಪು ಒಂದು ಕೆಲಸ ಪೂರ್ತಿ ಮಾಡಿ ಮುಂದಿನದಕ್ಕೆ ಹೋಯಿತು, ಇನ್ನೊಂದು ಮೂರನ್ನೂ ಕಲಸಿ ಮಾಡಿತು. ಕಲಿಯುವಾಗ ಮೊದಲ ಗುಂಪೇ ಮುಂದಿತ್ತು. ಕೆಲವು ದಿನ ಬಿಟ್ಟು ಪರೀಕ್ಷಿಸಿದಾಗ, ಹೊಸ ಬಗೆಯ ಕೆಲಸ ಕೊಟ್ಟಾಗ, ಕಲಸಿ ಕಲಿತವರೇ ಮೇಲಾದರು. ದಿನವೂ ಬೇರೆ ಬೇರೆ ಹೊಲ, ಬೇರೆ ಬೇರೆ ಮಣ್ಣು ಕಂಡ ಹಳ್ಳಿಯ ಆಪರೇಟರ್ ದೊಡ್ಡ ಕಾಮಗಾರಿಯಲ್ಲಿ ವರ್ಷಗಟ್ಟಲೆ ಒಂದೇ ಕೆಲಸ ಮಾಡಿದವನಿಗಿಂತ ಹೊಂದಿಕೊಳ್ಳುವುದರಲ್ಲಿ ಮುಂದಿರುವುದಕ್ಕೆ ಇದೊಂದು ಕಾರಣ ಇರಬಹುದು. ಕಪ್ಪು ಎರೆಮಣ್ಣು ಬಕೆಟಿಗೆ ಅಂಟುತ್ತದೆ, ಮಸಾರಿ ಸುರಿಯುತ್ತದೆ, ಗುಡ್ಡದ ಗರಸು ಹಲ್ಲನ್ನು ತಿನ್ನುತ್ತದೆ. ಮಣ್ಣು ಬದಲಾದಾಗ ಅವನ ಕೈಯೂ ಬದಲಾಗಿರುತ್ತದೆ. ಹಾಗೆಂದು ಹೊಸಬನನ್ನು ಮೊದಲ ದಿನವೇ ಹತ್ತು ಕೆಲಸಕ್ಕೆ ತಳ್ಳುವುದು ಶಿಕ್ಷಣವಲ್ಲ, ಅಪಾಯ. ಒಂದೊಂದು ಕೆಲಸವೂ ಕೈಗೆ ಹತ್ತಿದ ಮೇಲಷ್ಟೇ ಕಲಸುವಿಕೆಯಿಂದ ಲಾಭ.

ರೂಢಿಯಾದ ಕೈ ತಿರುಗಿಬೀಳುವುದೂ ಉಂಟು. ಅಗೆಯುವ ಯಂತ್ರಗಳಲ್ಲಿ ಜಗತ್ತಿನಾದ್ಯಂತ ಹೆಚ್ಚು ಚಾಲ್ತಿಯಲ್ಲಿರುವ ಲಿವರ್ ಕ್ರಮಗಳು ಎರಡು. ಐಎಸ್‌ಒ ಕ್ರಮದಲ್ಲಿ ತೋಳಿನ ಬುಡದ ಭಾಗವಾದ ಬೂಮ್ ಎತ್ತಿ ಇಳಿಸುವುದು ಬಲಗೈಯ ಲಿವರ್, ಎಸ್‌ಎಇ ಕ್ರಮದಲ್ಲಿ ಎಡಗೈಯದು. ಒಂದರಲ್ಲಿ ಪಳಗಿದವನು ಇನ್ನೊಂದರಲ್ಲಿ ಕೂತರೆ ನಿಧಾನಕ್ಕೆ ಕೆಲಸ ಮಾಡುವವರೆಗೆ ತೊಂದರೆಯಿಲ್ಲ. ದಂಡೆ ಕುಸಿಯಿತು ಎಂದು ಯಾರೋ ಕೂಗಿದಾಗ ಮಾತ್ರ ಹೊಸ ಕಲಿಕೆ ಹಾರಿಹೋಗಿ ಹಳೆಯ ಕೈ ಮುಂದೆ ಬರುತ್ತದೆ, ಬೂಮ್ ಏಳಬೇಕಾದಲ್ಲಿ ತೋಳಿನ ತುದಿ ಒಳಕ್ಕೆ ಮಡಚುತ್ತದೆ. ಟಾಟಾ ಹಿಟಾಚಿಯ ಕಾರ್ಖಾನೆ ಇರುವ ಧಾರವಾಡ ನಮ್ಮ ನೆರೆಯ ಜಿಲ್ಲೆ. ಯಂತ್ರಗಳು ಇಲ್ಲೇ ತಯಾರಾಗಿ ಇಲ್ಲೇ ಓಡುತ್ತಿರುವಾಗ, ಒಂದು ಗಾಡಿಯಿಂದ ಇನ್ನೊಂದಕ್ಕೆ ಹೋಗುವವನಿಗೆ ಮೊದಲ ಒಂದು ತಾಸು ಖಾಲಿ ಬಯಲಿನಲ್ಲಿ ಕೈ ಆಡಿಸಲು ಬಿಡುವುದು ದುಬಾರಿಯ ಮಾತಲ್ಲ. ಬಾಡಿಗೆಗೆ ಬಂದ ಗಾಡಿ ಅಂಥ ಒಂದು ತಾಸು ಕಾಯುವ ರೂಢಿ ಮಾತ್ರ ನಮ್ಮಲ್ಲಿ ಬೆಳೆದಿಲ್ಲ.

ತಲೆಯೊಳಗಿನ ಕೌಶಲ್ಯದ ಬಗ್ಗೆ ಇಷ್ಟು ಹೇಳಿದ ಮೇಲೆ ತಲೆಯ ಹೊರಗಿನ ಏರ್ಪಾಡಿನ ಬಗ್ಗೆಯೂ ಹೇಳಬೇಕು. ಬ್ಯಾಡಗಿ ಮತ್ತು ರಾಣೆಬೆನ್ನೂರು ನಡುವೆ ದೇವರಗುಡ್ಡ ಎಂಬ ರೈಲು ನಿಲ್ದಾಣವಿದೆ. ರೈಲ್ವೆಯಲ್ಲಿ ಹಳಿಯ ಪಾಯಿಂಟ್ ಸರಿಯಾಗಿ ಕೂಡಿ ಲಾಕ್ ಆಗದ ಹೊರತು ಸಿಗ್ನಲ್ ಹಸಿರಾಗದಂತೆ ಇಂಟರ್‌ಲಾಕಿಂಗ್ ಮಾಡಿರುತ್ತಾರೆ. ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಇಂಥ ವ್ಯವಸ್ಥೆಗೆ ಪೇಟೆಂಟ್ ಪಡೆದದ್ದು 1856ರಲ್ಲೇ. ‘ಸ್ಟೇಷನ್ ಮಾಸ್ಟರ್ ಚುರುಕಾಗಿದ್ದಾರೆ, ನೆನಪಿಟ್ಟುಕೊಳ್ಳುತ್ತಾರೆ’ ಎಂದು ರೈಲ್ವೆ ಕೈಕಟ್ಟಿ ಕೂರಲಿಲ್ಲ. ಹಿಂದಿನ ಹೆಜ್ಜೆ ಮುಗಿಯದೆ ಮುಂದಿನ ಹೆಜ್ಜೆಯೇ ಇಡಲಾಗದಂತೆ ಕಬ್ಬಿಣದಲ್ಲೇ ನಿಯಮ ಬರೆಯಿತು. ನಿಲ್ದಾಣದಾಚೆಯ ಹೊಲದಲ್ಲಿ ಒಕ್ಕಣೆ ನಡೆಯುವಾಗ ಅಂಥ ನಿಯಮ ಇಲ್ಲ. ಟ್ರ್ಯಾಕ್ಟರಿನ ಎಂಜಿನ್ ಬಲವನ್ನು ಒಕ್ಕುವ ಯಂತ್ರಕ್ಕೆ ಸಾಗಿಸುವ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಸಿಕ್ಕಿಕೊಂಡ ತೆನೆ ಬಿಡಿಸಲು ಪಿಟಿಒ ನಿಲ್ಲಿಸದೆ ಕೆಳಗಿಳಿದವನ ಲುಂಗಿಯ ತುದಿ ಸಿಕ್ಕರೆ ಅವನು ಕೂಗುವಷ್ಟರಲ್ಲಿ ಅದು ಹತ್ತಾರು ಸುತ್ತು ಸುತ್ತಿರುತ್ತದೆ. ಒಕ್ಕುವ ಯಂತ್ರಗಳಲ್ಲಿ ಕೈ ಕಳೆದುಕೊಂಡವರ ಸಂಖ್ಯೆ ಹೆಚ್ಚಿದ್ದರಿಂದಲೇ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ತಂದಿತು. ತೆನೆ ಹಾಕುವ ಬಾಯಿಗೆ ಮುಚ್ಚಿಗೆ ಬಂತು. ಓಡಿಸುವವನು ಇಳಿದಾಗ ಶಾಫ್ಟ್ ತಾನೇ ನಿಲ್ಲುವ ಏರ್ಪಾಡು ನಮ್ಮ ಹೊಲಗಳಲ್ಲಿ ಈಗಲೂ ಅಪರೂಪ.

ಕಾರ್ಖಾನೆಗಳ ಜಗತ್ತಿನಲ್ಲಿ ಈ ಮಾತನ್ನು ಚೆನ್ನಾಗಿ ಅರಿತವನು ಜಪಾನಿನ ಶಿಗಿಯೊ ಶಿಂಗೊ. ಟೊಯೊಟಾದಲ್ಲಿ 1,000 ಟನ್ನಿನ ಒಂದು ಪ್ರೆಸ್ಸಿನ ಅಚ್ಚು ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. 1969ರ ಸುಮಾರಿಗೆ ಅವನು ಅದನ್ನು ಮೊದಲು 90 ನಿಮಿಷಕ್ಕೆ, ಕೊನೆಗೆ ಮೂರು ನಿಮಿಷಕ್ಕೆ ಇಳಿಸಿದ. ಕೆಲಸಗಾರರಿಗೆ ‘ಬೇಗ ಬೇಗ’ ಎಂದು ಕೂಗಿ ಸಾಧಿಸಿದ್ದಲ್ಲ ಅದು. ಯಂತ್ರ ನಿಲ್ಲಿಸಿಯೇ ಮಾಡಬೇಕಾದ ಹೆಜ್ಜೆಗಳು ಯಾವುವು, ಅದು ಓಡುತ್ತಿರುವಾಗಲೇ ಮಾಡಿಟ್ಟುಕೊಳ್ಳಬಹುದಾದವು ಯಾವುವು ಎಂದು ಬೇರ್ಪಡಿಸಿದ. ಸ್ಪ್ಯಾನರ್ ಹುಡುಕುವುದು, ಅಚ್ಚು ತರಿಸುವುದು, ಅಳತೆ ನೋಡುವುದೆಲ್ಲ ಮೊದಲೇ ಮುಗಿದಿದ್ದರೆ ಬದಲಾವಣೆಯ ಹೊತ್ತಿಗೆ ಬದಲಾವಣೆ ಮಾತ್ರ ಉಳಿಯುತ್ತದೆ. ಬದಲಿಸುವ ಹೊತ್ತನ್ನು ಕಸವೆಂದು ಗುಡಿಸಿ ಹಾಕಬಹುದು, ಕೆಲಸವೆಂದು ಅಭ್ಯಾಸ ಮಾಡಲೂಬಹುದು. ಶಿಂಗೊ ಮಾಡಿದ್ದು ಎರಡನೆಯದನ್ನು.

ಮೊದಲನೆಯ ದಾರಿ ಹಿಡಿದ ಮಾಲೀಕರೂ ಇದ್ದರು. 1928ರ ಮುಂಬಯಿ ಗಿರಣಿ ಮುಷ್ಕರದ ಹಿಂದೆ ಇದೇ ಸಂಗತಿ ಇತ್ತು. ಎರಡು ಮಗ್ಗ ನೋಡಿಕೊಳ್ಳುತ್ತಿದ್ದ ನೇಕಾರನಿಗೆ ಮೂರು ಕೊಡುವುದು, ಅದಕ್ಕೆ ವೈಜ್ಞಾನಿಕ ಸುಧಾರಣೆ ಎಂಬ ಹೆಸರಿಡುವುದು. ಮಗ್ಗದಿಂದ ಮಗ್ಗಕ್ಕೆ ಕಣ್ಣು ಹಾಯಿಸುವ ನೇಕಾರನ ಜಾಣ್ಮೆಯಿಂದ ಬಂದ ಲಾಭ ಯಾರ ಕಿಸೆಗೆ ಹೋಗಬೇಕು, ಅದರಿಂದ ಬಂದ ದಣಿವು ಯಾರ ಮೈಗೆ ಎಂಬುದೇ ಅಲ್ಲಿನ ಜಗಳ. ಬದಲಿಸುವ ಕೌಶಲ್ಯದ ಮಾತು ಕೊನೆಗೆ ಕೂಲಿಯ ಮಾತಾಗಿಯೇ ತೀರುತ್ತದೆ.

ನಮ್ಮ ಹಳ್ಳಿಗಳಲ್ಲಿ ಜೆಸಿಬಿಯ ಬಾಡಿಗೆ ತಾಸಿನ ಲೆಕ್ಕ. ಬದುವಿನ ಮೇಲೆ ನಿಂತ ರೈತನ ಒಂದು ಕಣ್ಣು ಬಕೆಟಿನ ಮೇಲೆ, ಇನ್ನೊಂದು ಗಡಿಯಾರದ ಮೇಲೆ. ಆಪರೇಟರ್ ಇಳಿದು ಜ್ಯಾಕ್ ಕೂತ ನೆಲ ನೋಡಿದರೆ, ತೋಳನ್ನು ಖಾಲಿ ಆಡಿಸಿದರೆ, ಅದೆಲ್ಲ ತನ್ನ ದುಡ್ಡಿನಲ್ಲಿ ಎಂದು ಅವನಿಗೆ ಸಂಕಟ. ಅವನನ್ನು ದೂರಿ ಫಲವಿಲ್ಲ, ಸಾಲ ಮಾಡಿ ಹೊಂಡ ತೋಡಿಸುವವನು ಅವನು. ಗಾಡಿಯ ಮಾಲೀಕನಿಗೆ ಬ್ಯಾಂಕಿನ ಕಂತು. ಮುಂದಿನ ಹೊಲದವನು ಅರ್ಧ ಕೆಲಸದಲ್ಲೇ ಫೋನ್ ಮಾಡಿ ‘ಎಲ್ಲಿದ್ದೀರಿ, ಎಷ್ಟೊತ್ತಿಗೆ ಬರ್ತೀರಿ’ ಎನ್ನುತ್ತಾನೆ. ಹೀಗೆ ಎಲ್ಲರ ಅವಸರವೂ ಬಂದು ಕೂಡುವುದು ಸೀಟು ತಿರುಗಿಸುವ ಆ ಹೊತ್ತಿನ ಮೇಲೆ. ಆ ಹೊತ್ತು ಯಾರ ಲೆಕ್ಕದಲ್ಲೂ ಇಲ್ಲದ್ದರಿಂದ ಎಲ್ಲರೂ ಮೊದಲು ಕತ್ತರಿ ಹಾಕುವುದು ಅದಕ್ಕೇ. ರೋಹಿಣಿ, ಮೃಗಶಿರಾ ಮಳೆ ಬಿದ್ದು ಬಿತ್ತನೆಗೆ ಹದ ಬಂದಾಗ, ದೀಪಾವಳಿ ಸುತ್ತಿನ ಒಕ್ಕಣೆಯಲ್ಲಿ, ಇದೇ ಟ್ರ್ಯಾಕ್ಟರಿನವರು ನಸುಕಿನಿಂದ ರಾತ್ರಿಯವರೆಗೆ ದುಡಿಯುತ್ತಾರೆ. 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. ಕರ್ನಾಟಕ 2023ರ ತಿದ್ದುಪಡಿಯಲ್ಲಿ ದಿನದ ಮಿತಿಯನ್ನು 12 ಗಂಟೆಯವರೆಗೆ ಸಡಿಲಿಸಿದಾಗ ದೊಡ್ಡ ಚರ್ಚೆಯೇ ನಡೆಯಿತು. ಹೊಲದ ಯಂತ್ರ ನಡೆಸುವವನಿಗೆ ಆ ಕಾಯ್ದೆಯೂ ಇಲ್ಲ, ಆ ಚರ್ಚೆಯೂ ಇಲ್ಲ. ದಣಿದವನಿಗೆ ಅಗೆಯುವುದು ಮರೆಯುವುದಿಲ್ಲ. ಲಾಕ್ ಹಾಕುವುದು ಮರೆಯುತ್ತದೆ.

ಇದಕ್ಕೆ ಎರಡು ಆಕ್ಷೇಪ ಬರಬಹುದು. ಒಂದು, ಇಪ್ಪತ್ತು ವರ್ಷ ಗಾಡಿ ನಡೆಸಿದವನಿಗೆ ಈ ಪಾಠವೆಲ್ಲ ಬೇಕಿಲ್ಲ, ಅವನ ಕೈಗೇ ಗೊತ್ತಿದೆ ಎನ್ನುವುದು. ಅಭ್ಯಾಸ ಬದಲಾವಣೆಯ ನಷ್ಟವನ್ನು ಬಹಳಷ್ಟು ತಗ್ಗಿಸುತ್ತದೆ, ಒಪ್ಪೋಣ. ಆದರೆ ಕೈಗೆ ಗೊತ್ತಿರುವುದೇ ಅಪಾಯವಾಗುವ ಸಂದರ್ಭಗಳನ್ನು ಮೇಲೆ ನೋಡಿದೆವು. ರೂಢಿ ಗಟ್ಟಿಯಾದಷ್ಟೂ ತಪ್ಪು ಜಾಗದಲ್ಲಿ ಅದು ತಲೆಹಾಕುವ ಬಲವೂ ಗಟ್ಟಿ. ಎರಡು, ನಾಳೆ ಯಂತ್ರಗಳೇ ಎಲ್ಲ ನೋಡಿಕೊಳ್ಳುತ್ತವೆ, ಆಪರೇಟರ್ ಬರೀ ಗುಂಡಿ ಒತ್ತುತ್ತಾನೆ ಎನ್ನುವುದು. ಇರಬಹುದು. ಆದರೆ ಯಾಂತ್ರೀಕರಣ ಮೊದಲು ಕಿತ್ತುಕೊಳ್ಳುವುದು ಒಂದೇ ಬಗೆಯ, ಮರುಕಳಿಸುವ ಕೆಲಸವನ್ನು. ಮನುಷ್ಯನಿಗೆ ಉಳಿಯುವುದು ಚೂರುಪಾರು, ಚಿಕ್ಕಪುಟ್ಟ, ಒಂದಕ್ಕೊಂದು ಹೋಲದ ಕೆಲಸಗಳು. ಅಂದರೆ ಬದಲಾವಣೆಗಳು ಹೆಚ್ಚುತ್ತವೆಯೇ ಹೊರತು ತಗ್ಗುವುದಿಲ್ಲ.

ಮಾಡಬೇಕಾದದ್ದು ಏನು? ಐಟಿಐಗಳಲ್ಲಿ, ಆಪರೇಟರ್ ತರಬೇತಿ ಕೇಂದ್ರಗಳಲ್ಲಿ ಈಗ ಕೆಲಸ ಕೆಲಸಕ್ಕೆ ಅಂಕ. ಕೆಲಸಗಳ ನಡುವಿನ ಸಂದಿಗೂ ಅಂಕ ಬೇಕು. ಪರೀಕ್ಷೆಯಲ್ಲಿ ಹುಡುಗನಿಗೆ ಅಗೆಯಲು ಹೇಳಿ, ಮಧ್ಯದಲ್ಲೇ ನಿಲ್ಲಿಸಿ, ತುಂಬಲು ಹೇಳಿ, ಮತ್ತೆ ಅಗೆತಕ್ಕೆ ಕಳಿಸಬೇಕು. ನೋಡಬೇಕಾದ್ದು ಗುಂಡಿಯ ಆಳವನ್ನಲ್ಲ, ಅವನು ಏನನ್ನು ಬಾಕಿ ಬಿಟ್ಟು ಹೋದ ಎಂಬುದನ್ನು. ಯಂತ್ರ ತಯಾರಿಸುವವರು ಸೀಟಿಗೂ ಜ್ಯಾಕಿಗೂ, ಸೀಟಿಗೂ ಪಿಟಿಒಗೂ ರೈಲ್ವೆಯ ಮಾದರಿಯ ಕೊಂಡಿ ಹಾಕಬೇಕು. ಕ್ಲಚ್ ಒತ್ತದೆ ಸ್ಟಾರ್ಟ್ ಆಗದ ಟ್ರ್ಯಾಕ್ಟರುಗಳು ಬಂದಿರುವಾಗ ಇದು ಆಗದ ಮಾತೇನಲ್ಲ. ಬಾಡಿಗೆಯ ಲೆಕ್ಕದಲ್ಲಿ ಗಾಡಿ ಹೂಡುವ, ಬಿಚ್ಚುವ ಹೊತ್ತಿಗೆಂದೇ ಒಂದು ನಿಗದಿತ ಮೊತ್ತ ಬೇರೆ ಇಟ್ಟರೆ ರೈತನ ಕಣ್ಣು ಗಡಿಯಾರದಿಂದ ಸ್ವಲ್ಪ ಕೆಳಗಿಳಿಯುತ್ತದೆ, ಆಪರೇಟರಿಗೆ ನಿಧಾನಿಸಲು ಅಧಿಕಾರ ಸಿಗುತ್ತದೆ. ಲಿವರ್ ಹಿಡಿದವನಿಗೆ ಫೋನ್ ಮಾಡುವ ಬದಲು ಹೆಲ್ಪರಿಗೆ ಮಾಡುವುದನ್ನು ಮಾಲೀಕರು, ಗಿರಾಕಿಗಳು ರೂಢಿಸಿಕೊಳ್ಳಬಹುದು. ಅದಕ್ಕೆ ಯಾವ ಕಾನೂನೂ ಬೇಡ.

ಇವುಗಳಲ್ಲಿ ಯಾವುದಾದರೂ ಆಗುವುದು ನಾವು ಕೆಲಸದ ನಡುವಿನ ಹೊತ್ತನ್ನು ಕೆಲಸವೆಂದು ಒಪ್ಪಿದಾಗ ಮಾತ್ರ. ಸುಮಾರು ಇನ್ನೂರೈವತ್ತು ವರ್ಷಗಳಿಂದ ಅರ್ಥಶಾಸ್ತ್ರ ಆ ಹೊತ್ತನ್ನು ಸೋರಿಕೆಯ ಲೆಕ್ಕಕ್ಕೆ ಬರೆಯುತ್ತಾ ಬಂದಿದೆ, ನಾವೂ ಹಾಗೇ ಬರೆದುಕೊಂಡೆವು. ಸ್ಮಿತ್‌ನ ನೇಕಾರನಿಗೆ ಮಗ್ಗದಿಂದ ಹೊಲಕ್ಕೆ ನಡೆದುಹೋಗುವ ದಾರಿಯಾದರೂ ಇತ್ತು. ದಾರಿ ಸವೆಯುವಷ್ಟರಲ್ಲಿ ಮಗ್ಗ ಅವನ ತಲೆಯಿಂದ ಇಳಿದಿರುತ್ತಿತ್ತು. ಇಂದಿನ ಆಪರೇಟರಿಗೆ ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ ಇರುವುದು ಅರ್ಧ ಸುತ್ತಿನ ಅಂತರ. ಆ ಅಂತರದಲ್ಲಿ ಅವನು ಒಂದು ನಿಮಿಷ ತಡೆದರೆ ಸೋಮಾರಿ ಎನ್ನಬೇಡಿ. ಆ ನಿಮಿಷದ ಬಾಡಿಗೆಯನ್ನು ಕೊಡಿ.